ಎಲ್ಲರೂ ಒಟ್ಟಿಗೆ ಲಾಗಿನ್ ಒತ್ತಿದಾಗ: ಲ್ಯಾಬ್‌ನಲ್ಲಿ ಆನ್‌ಲೈನ್ ಪರೀಕ್ಷೆ ನಡೆಸಿದ ನನ್ನ ಅನುಭವ

ಶಾಲೆಯ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಆನ್‌ಲೈನ್ ಪರೀಕ್ಷೆಯ ದಿನ ಮಕ್ಕಳ ದೂರು ಒಂದೇ: "ಸರ್, ನೆಟ್ ಇಲ್ಲ." ಪುಟ ತೆರೆಯದಿದ್ದರೂ ಅದೇ, ಪಾಸ್‌ವರ್ಡ್ ಒಪ್ಪದಿದ್ದರೂ ಅದೇ, ಮೌಸ್ ಅಲ್ಲಾಡದಿದ್ದರೂ ಅದೇ. ಸಮಯ ಓಡುತ್ತಿರುವಾಗ ವಿವರವಾಗಿ ಹೇಳುವ ತಾಳ್ಮೆ ಯಾರಿಗಿರುತ್ತದೆ? ಹಾಗಾಗಿ ನಾನು "ಏನಾಯ್ತು" ಎಂದು ಕೇಳುವುದಿಲ್ಲ. "ಪರದೆ ಮೇಲೆ ಏನು ಬಂದಿದೆ, ಓದು" ಅನ್ನುತ್ತೇನೆ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹಿಂದಿನ ದಿನ ಒಂದು ಕಂಪ್ಯೂಟರ್ ಮುಂದೆ ಕೂತು ನೋಡಿದರೆ ಎಲ್ಲವೂ ಸರಿಯಾಗೇ ಇರುತ್ತದೆ. ಇಡೀ ತರಗತಿ ಒಂದೇ ಕ್ಷಣಕ್ಕೆ ಲಾಗಿನ್ ಒತ್ತಿದಾಗಲೇ ನಿಜ ಬಯಲಾಗುವುದು. ಅದಕ್ಕೇ ಪರೀಕ್ಷೆಗೆ ಮುಂಚೆ ಸುಳ್ಳು ಪ್ರಶ್ನೆಪತ್ರಿಕೆಯೊಂದನ್ನು ಹಾಕಿ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸುತ್ತೇನೆ. ಅಸಲಿ ಪತ್ರಿಕೆಯಲ್ಲಿ ಚಿತ್ರ, ಧ್ವನಿ ಇದ್ದರೆ ಇದರಲ್ಲೂ ಇರಬೇಕು. ಬರೀ ಅಕ್ಷರವಿರುವ ಪತ್ರಿಕೆ ಎಂಥ ನೆಟ್‌ನಲ್ಲೂ ತೆರೆದುಕೊಳ್ಳುತ್ತದೆ.

ಹೀಗೆ ನೋಡುವಾಗ ಮೊದಲು ಕೈಕೊಡುವುದು ವೈಫೈ. ವೈಫೈನ ಒಂದು ಚಾನೆಲ್‌ನಲ್ಲಿ, ಅಂದರೆ ಅದರ ರೇಡಿಯೋ ಅಲೆಗಳ ಒಂದು ದಾರಿಯಲ್ಲಿ, ಒಂದು ಹೊತ್ತಿಗೆ ಒಂದೇ ಸಾಧನ ಮಾತಾಡಬಹುದು, ಉಳಿದವು ಕಾಯಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11, ಈ ಮೂರೇ. ಪಕ್ಕದ ಕೋಣೆಯ ವೈಫೈ ಕೂಡ ಅದೇ ಚಾನೆಲ್‌ನಲ್ಲಿದ್ದರೆ ಎರಡೂ ಕೋಣೆಯವರು ಒದ್ದಾಡುತ್ತಾರೆ. ಲ್ಯಾಪ್‌ಟಾಪ್‌ಗಳನ್ನು ಹೆಚ್ಚು ಚಾನೆಲ್‌ಗಳಿರುವ 5 ಗಿಗಾಹರ್ಟ್ಸ್‌ಗೆ ಬದಲಿಸಿದೆ, ಡೆಸ್ಕ್‌ಟಾಪ್‌ಗಳಿಗೆಲ್ಲ ಕೇಬಲ್ ಎಳೆಸಿದೆ. ಹೆಚ್ಚು ವೇಗದ ಸಂಪರ್ಕಕ್ಕೆ ದುಡ್ಡು ಸುರಿಯುವುದಕ್ಕಿಂತ ಕೇಬಲ್‌ನಿಂದ ಆದ ಉಪಕಾರ ದೊಡ್ಡದು.

ಇನ್ನೊಂದು ತೊಂದರೆ ಬಹಳ ದಿನ ಸತಾಯಿಸಿತು. ವೈಫೈ ಸಿಕ್ಕಿದೆ ಎಂದು ತೋರಿಸುತ್ತದೆ, ಪುಟ ಮಾತ್ರ ಬರುವುದಿಲ್ಲ. ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ನೋಡಿದರೆ 169.254 ಎಂದು ಶುರುವಾಗಿರುತ್ತದೆ. ಅಂದರೆ ರೂಟರ್ ವಿಳಾಸ ಕೊಟ್ಟಿಲ್ಲ, ಯಂತ್ರ ತಾನೇ ಒಂದನ್ನು ಹಾಕಿಕೊಂಡಿದೆ. ಸಾಮಾನ್ಯ ಜೋಡಣೆಯಲ್ಲಿ ಹೆಚ್ಚೆಂದರೆ 254 ವಿಳಾಸಗಳಿರುತ್ತವೆ. ಅವುಗಳಲ್ಲಿ ಎಷ್ಟೋ ಶಿಕ್ಷಕರ ಜೇಬಿನ ಫೋನ್‌ಗಳಿಗೇ ಹೋಗಿದ್ದವು. ಫೋನ್‌ಗಳಿಗೆ ಬೇರೆ ನೆಟ್‌ವರ್ಕ್ ಮಾಡಿ, ವಿಳಾಸ ಹಿಡಿದಿಟ್ಟುಕೊಳ್ಳುವ ಅವಧಿಯನ್ನು ಕಡಿಮೆ ಮಾಡಿದ ಮೇಲೆ ಆ ಕಾಟ ತಪ್ಪಿತು. (ಸ್ಟಾಫ್ ರೂಮಿನಲ್ಲಿ ಕೆಲವರ ಮುಖ ಸಿಂಡರಿಸಿತ್ತು, ಇರಲಿ.)

ಶಾಲೆಯ ಎಲ್ಲ ಯಂತ್ರಗಳೂ ಹೊರಗಿನ ಸರ್ವರ್‌ಗೆ ಒಂದೇ ವಿಳಾಸದಿಂದ ಬಂದಂತೆ ಕಾಣಿಸುತ್ತವೆ. ಒಂದೇ ಕಡೆಯಿಂದ ಅಷ್ಟೊಂದು ಲಾಗಿನ್ ಬಂದರೆ ಕೆಲವು ಸರ್ವರ್‌ಗಳು ಯಾರೋ ನುಗ್ಗುತ್ತಿದ್ದಾರೆಂದು ತಡೆಯುತ್ತವೆ. ಪರೀಕ್ಷೆ ನಡೆಸುವವರಿಗೆ ನಮ್ಮ ಐಪಿ ವಿಳಾಸವನ್ನು ಮೊದಲೇ ಕಳಿಸಿಬಿಡುತ್ತೇನೆ. ಮಕ್ಕಳನ್ನೂ ಸಾಲುಸಾಲಾಗಿ, ವೇಳೆಗೆ ಮುಂಚೆಯೇ ಲಾಗಿನ್ ಮಾಡಿಸುತ್ತೇನೆ.

ಬಿಡಿ ಯಂತ್ರಗಳ ತಂಟೆ ಬೇರೆ. ಮದರ್‌ಬೋರ್ಡ್‌ನಲ್ಲಿ ಗಡಿಯಾರ ನಡೆಸುವ ಸಿಆರ್2032 ಬ್ಯಾಟರಿ ಸತ್ತಿದ್ದರೆ ಕಂಪ್ಯೂಟರ್‌ನ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ತಾಣದ ಪ್ರಮಾಣಪತ್ರದ ಅವಧಿ ಆ ತಾರೀಖಿಗೆ ಹೊಂದದೆ ಬ್ರೌಸರ್ "ಈ ತಾಣ ಸುರಕ್ಷಿತವಲ್ಲ" ಅನ್ನುತ್ತದೆ. ತಾರೀಖು ತಿದ್ದಿದರೆ ಪುಟ ತೆರೆಯುತ್ತದೆ. ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿಹೋಗಿ ಕೀಬೋರ್ಡ್ ಭಾಷೆ ಬದಲಾದರೆ ಪಾಸ್‌ವರ್ಡ್ ಎಷ್ಟು ಸಲ ಹೊಡೆದರೂ ತಪ್ಪೇ. ಪರದೆ ಚಿಕ್ಕದಿದ್ದು ಜೂಮ್ ಹೆಚ್ಚಿದ್ದರೆ "ಮುಂದೆ" ಗುಂಡಿ ಕೆಳಗೆ ಮರೆಯಾಗಿರುತ್ತದೆ. ಯುಪಿಎಸ್ ವಿಷಯದಲ್ಲಿ ಇನ್ನೊಂದು ಮಾತು. ಕಂಪ್ಯೂಟರ್‌ಗಳಿಗೆ ಕೊಟ್ಟಿರುತ್ತಾರೆ, ಕೇಬಲ್‌ಗಳೆಲ್ಲ ಬಂದು ಸೇರುವ, ಗೋಡೆ ಮೇಲಿನ ನೆಟ್‌ವರ್ಕ್ ಸ್ವಿಚ್‌ಗೆ ಕೊಟ್ಟಿರುವುದಿಲ್ಲ. ಕರೆಂಟ್ ಹೋದಾಗ ಯಂತ್ರವೆಲ್ಲ ಆನ್ ಆಗಿಯೇ ಇರುತ್ತದೆ, ಪರೀಕ್ಷೆ ಮಾತ್ರ ನಿಂತಿರುತ್ತದೆ.

ಸೇಫ್ ಎಕ್ಸಾಮ್ ಬ್ರೌಸರ್‌ನಂಥ, ಯಂತ್ರಕ್ಕೆ ಬೀಗ ಹಾಕುವ ತಂತ್ರಾಂಶ ಬಳಸುವುದಾದರೆ ಅದರಿಂದ ಹೊರಬರುವ ಪಾಸ್‌ವರ್ಡ್ ಕೋಣೆಯಲ್ಲಿರುವ ಮೇಲ್ವಿಚಾರಕರ ಕೈಯಲ್ಲೇ ಇರಬೇಕು. ಕಚೇರಿಯ ಬೀರುವಿನಲ್ಲಿದ್ದರೆ ಪ್ರಯೋಜನವಿಲ್ಲ.

ಪುಟ ನಿಂತಾಗ ಮಕ್ಕಳ ಕೈ ಸುಮ್ಮನಿರುವುದಿಲ್ಲ. ರಿಫ್ರೆಶ್ ಒತ್ತುತ್ತಾರೆ, ಅದೇ ಪತ್ರಿಕೆಯನ್ನು ಇನ್ನೊಂದು ಟ್ಯಾಬ್‌ನಲ್ಲಿ ತೆರೆಯುತ್ತಾರೆ, ಹಳೆಯ ಟ್ಯಾಬ್‌ನ ಉತ್ತರ ಹೊಸದರ ಮೇಲೆ ಕೂರುತ್ತದೆ. ಕೈ ಎತ್ತು, ಏನನ್ನೂ ಮುಚ್ಚಬೇಡ ಎಂದು ಮೊದಲೇ ಹೇಳಿಟ್ಟಿರುತ್ತೇನೆ. ಆನ್‌ಲೈನ್ ಪಾಠ, ಪರೀಕ್ಷೆಗೆ ಬಳಸುವ ಮೂಡಲ್ ತಂತ್ರಾಂಶದ ಕ್ವಿಜ್ ತಾನಾಗಿ ನಿಮಿಷಕ್ಕೊಮ್ಮೆ ಉತ್ತರ ಉಳಿಸಿಕೊಳ್ಳುವಂತೆ ಇರುತ್ತದೆ. ಹಾಗಾಗಿ ಯಂತ್ರ ಕೆಟ್ಟರೆ ನಾನು ರಿಪೇರಿಗೆ ಕೂರುವುದಿಲ್ಲ. ಮಗುವನ್ನು ಎಬ್ಬಿಸಿ, ಮೊದಲೇ ಆನ್ ಮಾಡಿಟ್ಟ ಹೆಚ್ಚುವರಿ ಯಂತ್ರಕ್ಕೆ ಕಳಿಸುತ್ತೇನೆ. ಹಾಳಾದದ್ದನ್ನು ಸಂಜೆ ನೋಡಿಕೊಂಡರಾಯಿತು.

ನನ್ನನ್ನು ಹೆಚ್ಚು ಕಾಡುವುದು ಕೈ ಎತ್ತದ ಮಗು. ತಾನೇ ಏನೋ ಕೆಡಿಸಿದೆ ಎಂದು ಹೆದರಿ, ಖಾಲಿ ಪರದೆ ನೋಡುತ್ತ ಕೂತಿರುತ್ತದೆ. ಇಂಥವರನ್ನು ಮೇಜಿನ ಹಿಂದೆ ಕೂತು ಕಂಡುಹಿಡಿಯಲಾಗದು. ಮಕ್ಕಳ ಬೆನ್ನ ಹಿಂದೆ ಓಡಾಡುತ್ತ ಪರದೆಗಳನ್ನು ನೋಡುತ್ತಿರಬೇಕು. ಪರೀಕ್ಷೆ ಯಾವಾಗ ನಿಂತಿತು, ಯಾವಾಗ ಮತ್ತೆ ಶುರುವಾಯಿತು ಎಂದು ಪುಸ್ತಕದಲ್ಲಿ ಅಲ್ಲೇ ಬರೆಯುತ್ತೇನೆ. ಆಮೇಲೆ ನೆನಪಿನಿಂದ ಬರೆದದ್ದನ್ನು ಯಾರೂ ನಂಬುವುದಿಲ್ಲ. ಮೂಡಲ್‌ನಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೆ ಬೇರೆ ಬೇರೆ ಸಮಯಮಿತಿ ಕೊಡಬಹುದು. ಹೋದ ನಿಮಿಷಗಳನ್ನು ಪರೀಕ್ಷೆ ಮುಗಿಯುವ ಮುಂಚೆಯೇ ಸೇರಿಸಿಬಿಡುತ್ತೇನೆ, ಮಗು ಬಂದು ಕೇಳಲಿ ಎಂದು ಕಾಯುವುದಿಲ್ಲ.