ಎತ್ತಿ ನೋಡಿ, ಆಮೇಲೆ ತಳ್ಳಿ ನೋಡಿ

ಮಗುವನ್ನು ಕೂರಿಸಿ ತಳ್ಳುವ ಮಡಚುವ ಗಾಡಿ, ಅಂದರೆ ಸ್ಟ್ರೋಲರ್ ಕೊಳ್ಳಲು ಅಂಗಡಿಗೆ ಹೋದವರು ಮೊದಲು ಮಾಡೋದು ಅದನ್ನು ತಳ್ಳಿ ನೋಡೋದು. ಅಂಗಡಿಯ ಟೈಲ್ಸ್ ಮೇಲೆ ಎಂಥ ಸ್ಟ್ರೋಲರ್ ಆದರೂ ಚೆನ್ನಾಗಿಯೇ ಓಡುತ್ತದೆ. ಆದರೆ ಹಾಸನದಲ್ಲಿದ್ದುಕೊಂಡು, ಮಗುವಿನ ಜೊತೆ ಆಟೋ, ಬಸ್ಸು, ರೈಲು ಹತ್ತಿ ಇಳಿಯುವ ನನ್ನಂಥವರು ಒಂದೊಂದು ದಿನ ಅದನ್ನು ತಳ್ಳುವುದಕ್ಕಿಂತ ಎತ್ತಿಕೊಂಡು ಓಡಾಡುವುದೇ ಜಾಸ್ತಿ. ಅದಕ್ಕೇ ನಾನು ಮೊದಲು ಮಡಚಿದ ಸ್ಟ್ರೋಲರನ್ನು ನೋಡಿದೆ. ಬಿಚ್ಚಿದ ಮೇಲೆ ಹೇಗಿರುತ್ತದೆ ಅನ್ನೋದು ಎರಡನೆಯ ಮಾತಾಯಿತು.

ನಮ್ಮ ಮನೆ ಇರುವುದು ಮಹಡಿ ಮೇಲೆ, ಲಿಫ್ಟ್ ಇಲ್ಲ. ನಮ್ಮನೆಯವರ ಕೆಲಸ ಬೆಂಗಳೂರಿನಲ್ಲಿ. ಹಾಗಾಗಿ ನಾನೂ ಮಗಳೂ ಆಗಾಗ ಯಶವಂತಪುರದ ಇಂಟರ್‌ಸಿಟಿ ಹತ್ತುತ್ತೇವೆ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲಿನ ಲೈನ್ ಶುರುವಾದ ಮೇಲೆ ಅರಸೀಕೆರೆ ಸುತ್ತಿಕೊಂಡು ಹೋಗುವ ಕಷ್ಟ ತಪ್ಪಿದೆ. ಮಗು ಇರುವವರಿಗೆ ಅದು ದೊಡ್ಡ ಉಪಕಾರ. ಆದರೆ ಪ್ಲಾಟ್‌ಫಾರಂ ತಲುಪಿ, ಬೋಗಿ ಹತ್ತಿ, ಸೀಟು ಹುಡುಕುವಷ್ಟರಲ್ಲಿ ಒಂದು ಕೈಯಲ್ಲಿ ಮಗು, ಹೆಗಲಲ್ಲಿ ಬ್ಯಾಗು. ಸ್ಟ್ರೋಲರಿಗೆ ಉಳಿಯೋದು ಒಂದೇ ಕೈ.

"ಗಾಡಿ ಎಲ್ಲ ಯಾಕಮ್ಮ? ನಾವು ಸೊಂಟದ ಮೇಲೆ ಕೂರಿಸ್ಕೊಂಡೇ ಸಂತೆಗೆ ಹೋಗಿ ಬರ್ತಿದ್ವಿ" ಅಂದರು ನಮ್ಮತ್ತೆ.

"ಹೌದತ್ತೆ, ಆದ್ರೆ ಇವಳೀಗ ಒಂಬತ್ತು ಕೆಜಿ. ನಿಮಗೂ ಮಂಡಿ ನೋವು" ಅಂದೆ.

ಅವರು ಸುಮ್ಮನಾದರು. ಈಗ ಸಂಜೆ ಮಹಾರಾಜ ಪಾರ್ಕಿನಲ್ಲಿ ಅದನ್ನು ತಳ್ಳುವವರು ಅವರೇ. ಅವರೂ ತಳ್ಳಬೇಕು ಅನ್ನುವುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದು ಒಳ್ಳೆಯದಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ತೂಕದ ವಿಷಯ. ಹಗುರ ಅಂತ ಮಾರುವ ಸ್ಟ್ರೋಲರ್‌ಗಳಲ್ಲೇ 4 ಕೆಜಿಯದ್ದೂ ಇದೆ, 8 ಕೆಜಿ ಮುಟ್ಟುವುದೂ ಇದೆ. ಬಾಕ್ಸ್ ಮೇಲಿನ ಅಂಕಿ ನೋಡಿದರೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಾನು ಮಗಳನ್ನು ಎಡಸೊಂಟದ ಮೇಲೆ ಕೂರಿಸಿಕೊಂಡು, ಬಲಗೈಯಲ್ಲಿ ಒಂದೊಂದನ್ನೇ ಎತ್ತಿ ಅಂಗಡಿಯ ಮೆಟ್ಟಿಲು ಹತ್ತಿ ಇಳಿದೆ. 8 ಕೆಜಿಯದ್ದು ಮೂರನೇ ಮೆಟ್ಟಿಲಿಗೇ ಮೊಣಕಾಲಿಗೆ ಬಡಿಯತೊಡಗಿತು. 6 ಕೆಜಿ ಒಳಗಿನದ್ದು ಪರವಾಗಿಲ್ಲ ಅನ್ನಿಸಿತು. ತೀರಾ ಹಗುರವಾದದ್ದರಲ್ಲಿ ಕಂಬಿ ಸಣ್ಣ, ಚಕ್ರವೂ ಸಣ್ಣ. ನಮ್ಮ ರಸ್ತೆಗೆ ಅದು ಸಾಲದು. ನನ್ನ ಲೆಕ್ಕದಲ್ಲಿ ನಮ್ಮೂರಿನಂಥ ಕಡೆಗೆ 5ರಿಂದ ಆರೂವರೆ ಕೆಜಿ ಸರಿಯಾದ ತೂಕ.

ಮಡಚುವ ರೀತಿಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಉದ್ದಕ್ಕೆ ಮಡಚಿಕೊಳ್ಳುವ ಕೊಡೆ ಮಾದರಿ. ಇದನ್ನು ಮಾಡಿದವರು ಇಂಗ್ಲೆಂಡಿನ ಓವೆನ್ ಮ್ಯಾಕ್ಲಾರೆನ್. ಸ್ಪಿಟ್‌ಫೈರ್ ಯುದ್ಧ ವಿಮಾನದ ಚಕ್ರಗಳ ಜೋಡಣೆಯಲ್ಲಿ ಕೆಲಸ ಮಾಡಿದ್ದ ಎಂಜಿನಿಯರ್. ಮಗಳು ತನ್ನ ಮಗುವಿನ ಭಾರದ ಗಾಡಿ ಹೊತ್ತು ಪ್ರಯಾಣ ಮಾಡುವಾಗ ಪಡುವ ಪಾಡು ನೋಡಿ, 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳಲ್ಲಿ ಮೂರು ಕೆಜಿಗೂ ಕಡಿಮೆ ತೂಕದ ಗಾಡಿ ರೂಪಿಸಿದರು. ಒಬ್ಬ ತಾತ ಮನೆಯ ಕಷ್ಟ ನೋಡಿ ಮಾಡಿದ ಕೆಲಸ ಅದು ಅನ್ನೋದು ನನಗೆ ತುಂಬಾ ಇಷ್ಟ. ಈ ಮಾದರಿ ಹಗುರ, ಬೆಲೆಯೂ ಕಡಿಮೆ. ಆದರೆ ಮಡಚಿದರೂ ಒಂದು ಮೀಟರಿನ ಆಸುಪಾಸು ಉದ್ದ ಇರುತ್ತದೆ. ಆಟೋದಲ್ಲಿ ನಿಲ್ಲಿಸಿಕೊಳ್ಳಬಹುದು, ತುಂಬಿದ ಬಸ್ಸಿನಲ್ಲಿ ಮಾತ್ರ ಪಕ್ಕದವರ ಕಾಲಿಗೆ ತಗುಲುತ್ತದೆ. ಹೆಚ್ಚಿನವಕ್ಕೆ ಎರಡು ಬೇರೆ ಬೇರೆ ಹ್ಯಾಂಡಲ್, ಒಂದೇ ಕೈಯಲ್ಲಿ ತಿರುಗಿಸಲು ಆಗುವುದಿಲ್ಲ. ಮಳೆಗಾಲದಲ್ಲಿ ಇನ್ನೊಂದು ಕೈಯಲ್ಲಿ ಕೊಡೆ ಹಿಡಿಯಬೇಕಲ್ವಾ?

ಇನ್ನೊಂದು ಸೂಟ್‌ಕೇಸ್ ಮಾದರಿ. ಮೂರು ಮಡಿಕೆಯಾಗಿ ಚಪ್ಪಟೆ ಪೆಟ್ಟಿಗೆಯಷ್ಟಾಗುತ್ತದೆ. ಫ್ರಾನ್ಸಿನ ಬೇಬಿಜೆನ್ ಯೋಯೋ ಬಂದ ಮೇಲೆ ಈ ಆಕಾರ ಎಲ್ಲ ಕಡೆ ಹಬ್ಬಿತು. ಅದು ಮಡಚಿದರೆ 52×44×18 ಸೆಂಟಿಮೀಟರ್, ತೂಕ 6 ಕೆಜಿಯ ಸುತ್ತ. ಜಿಬಿ ಪಾಕಿಟ್ ಅನ್ನುವುದು ಇನ್ನೂ ಚಿಕ್ಕದು. 2014ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು, ಮಡಚಿದರೆ 35×30×18 ಸೆಂಟಿಮೀಟರ್. ಇವೆಲ್ಲ ಬೆಲೆಯಲ್ಲಿ ಭಾರ. ಆದರೆ ಅದೇ ಆಕಾರದ ಸ್ಟ್ರೋಲರ್‌ಗಳನ್ನು ನಮ್ಮ ದೇಶದ ಬ್ರ್ಯಾಂಡ್‌ಗಳೂ ಮಾರುತ್ತವೆ. ನಾನು ಕೊಳ್ಳುವಾಗ ಏಳೆಂಟು ಸಾವಿರದಿಂದ ಹನ್ನೆರಡು ಸಾವಿರದವರೆಗೆ ಇದ್ದವು. ಕೊಡೆ ಮಾದರಿಯದ್ದು ಮೂರು ನಾಲ್ಕು ಸಾವಿರಕ್ಕೂ ಸಿಗುತ್ತಿತ್ತು. ನಾನು ಸೂಟ್‌ಕೇಸ್ ಮಾದರಿಯನ್ನೇ ತೆಗೆದುಕೊಂಡೆ. ರೈಲಿನಲ್ಲಿ ಸೀಟಿನ ಮೇಲಿನ ರ್‍ಯಾಕಿಗೆ ಹೋಗುತ್ತದೆ ಅನ್ನೋದೊಂದೇ ಕಾರಣ ನನಗೆ ಸಾಕಾಗಿತ್ತು.

ಮಡಚುವುದನ್ನು ಅಂಗಡಿಯವರು ಎರಡು ಸೆಕೆಂಡಿನಲ್ಲಿ ತೋರಿಸಿಬಿಡುತ್ತಾರೆ. ನೀವೇ ಮಾಡಿ ನೋಡಬೇಕು, ಅದೂ ಮಗು ಸೊಂಟದ ಮೇಲಿರುವಾಗ. ನನ್ನದರಲ್ಲಿ ಹ್ಯಾಂಡಲಿನ ನಡುವೆ ಒಂದು ಚಿಕ್ಕ ಗುಂಡಿ ಇದೆ. ಅದನ್ನು ಹೆಬ್ಬೆರಳಲ್ಲಿ ಪಕ್ಕಕ್ಕೆ ಸರಿಸಿ, ಉಳಿದ ಬೆರಳುಗಳಿಂದ ಕೆಳಗಿನ ಪಟ್ಟಿಯನ್ನು ಹಿಸುಕಿ, ಹ್ಯಾಂಡಲನ್ನು ಮುಂದಕ್ಕೆ ನೂಕಬೇಕು. ಮೇಲಿನ ಅರ್ಧ ಬಗ್ಗುತ್ತದೆ. ಇನ್ನೊಮ್ಮೆ ಒತ್ತಿದರೆ ಪಕ್ಕದ ಕೊಕ್ಕೆ ಟಕ್ ಅಂತ ಹಿಡಿದುಕೊಳ್ಳುತ್ತದೆ. ಆ ಸದ್ದು ಕೇಳಿಸದೆ ಎತ್ತಿದರೆ ಅರ್ಧ ದಾರಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಕೆಳಗಿನ ಬುಟ್ಟಿಯಲ್ಲಿ ನೀರಿನ ಬಾಟಲಿ ಇದ್ದರೆ ಕೊಕ್ಕೆ ಬೀಳುವುದೇ ಇಲ್ಲ. ಅದಕ್ಕೇ ರೈಲು ಬರುವ ಮೊದಲೇ ಬುಟ್ಟಿ ಖಾಲಿ ಮಾಡಿಕೊಳ್ಳುತ್ತೇನೆ. ಮಡಚಿದ ಮೇಲೆ ಅದು ತಾನೇ ನಿಲ್ಲುತ್ತದಾ ಅಂತಲೂ ನೋಡಿ. ನಿಲ್ಲದಿದ್ದರೆ ಒದ್ದೆ ಪ್ಲಾಟ್‌ಫಾರಂ ಮೇಲೆ ಮಲಗಿಸಬೇಕು, ಆಮೇಲೆ ಅದೇ ಬಟ್ಟೆಯ ಮೇಲೆ ಮಗುವನ್ನು ಕೂರಿಸಬೇಕು.

ಮಡಚುವಾಗ, ಬಿಚ್ಚುವಾಗ ಮಗು ಹತ್ತಿರ ನಿಂತಿರಬಾರದು. ಕೀಲುಗಳ ಸಂದಿಯಲ್ಲಿ ಪುಟ್ಟ ಬೆರಳು ಸಿಕ್ಕಿದರೆ ಕತ್ತರಿಸಿಯೇ ಹೋಗಬಹುದು. ಇದೇ ಕಾರಣಕ್ಕೆ 2009ರಲ್ಲಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಸ್ಟ್ರೋಲರ್‌ಗಳನ್ನು ವಾಪಸ್ ಕರೆಸಿ, ಕೀಲಿಗೆ ಹಾಕುವ ಕವರ್ ಕೊಟ್ಟರು. ಕೊಳ್ಳುವಾಗ ಕೀಲಿನ ಮೇಲೆ ಪ್ಲಾಸ್ಟಿಕ್ ಮುಚ್ಚಿಗೆ ಇದೆಯಾ ಅಂತ ಬೆರಳಾಡಿಸಿ ನೋಡಿ.

ಇನ್ನು ಚಕ್ರ. ಮಗಳನ್ನು ಅಂಗಡಿಯ ಹೊರಗೆ ರಸ್ತೆ ಬದಿಯಲ್ಲಿ ಕೂರಿಸಿ ಪರೀಕ್ಷೆ ಮಾಡಲು ಮನಸ್ಸಾಗಲಿಲ್ಲ. ಪಕ್ಕದ ಕಿರಾಣಿ ಅಂಗಡಿಯಿಂದ ಹತ್ತು ಕೆಜಿಯ ಅಕ್ಕಿ ಮೂಟೆ ತೆಗೆದುಕೊಂಡೆ. ಅದು ಮನೆಗೂ ಬೇಕಿತ್ತು. ಅದನ್ನು ಸೀಟಿನಲ್ಲಿಟ್ಟು ಬೆಲ್ಟ್ ಹಾಕಿ, ಅಂಗಡಿಯವರನ್ನು ಕೇಳಿ, ಫುಟ್‌ಪಾತಿಗೆ ಇಳಿಸಿದೆ. ಅಲ್ಲಿ ಬಣ್ಣ ಬಯಲಾಯಿತು. ಖಾಲಿ ಇದ್ದಾಗ ಒಂದೇ ರೀತಿ ಓಡುತ್ತಿದ್ದ ಎರಡು ಸ್ಟ್ರೋಲರ್‌ಗಳಲ್ಲಿ ಒಂದು ಭಾರ ಬಿದ್ದ ತಕ್ಷಣ ಎಡಕ್ಕೆ ಎಳೆಯತೊಡಗಿತು. ಅದರ ಮುಂದಿನ ಚಕ್ರ ಚರಂಡಿ ಚಪ್ಪಡಿಗಳ ನಡುವಿನ ಸಂದಿಗೆ ಇಳಿದು ಕೂತಿತು. ಇನ್ನೊಂದರ ಚಕ್ರ ಸ್ವಲ್ಪ ದೊಡ್ಡದು, ಆರು ಇಂಚಿನ ಹತ್ತಿರ, ಅಗಲವೂ ಜಾಸ್ತಿ. ಅದು ಸಂದಿ ದಾಟಿತು. ನಾನು ತಂದಿದ್ದು ಅದನ್ನೇ. ಇವು ಗಾಳಿ ತುಂಬುವ ಚಕ್ರಗಳಲ್ಲ, ಒಳಗೂ ಹೊರಗೂ ಗಟ್ಟಿ ಫೋಮು. ಪಂಕ್ಚರ್ ಭಯ ಇಲ್ಲ, ಆದರೆ ಕುಲುಕು ಜಾಸ್ತಿ. ಮುಂದಿನ ಚಕ್ರದ ಮೇಲೆ ಸ್ಪ್ರಿಂಗ್ ಇದ್ದರೆ ಪಾರ್ಕಿನ ಇಂಟರ್‌ಲಾಕ್ ಟೈಲ್ಸ್ ಮೇಲೆ ಮಗುವಿನ ಕೆನ್ನೆ ಅಲುಗುವುದು ಕಡಿಮೆಯಾಗುತ್ತದೆ. ಸುತ್ತಲೂ ತಿರುಗುವ ಮುಂದಿನ ಚಕ್ರವನ್ನು ನೇರಕ್ಕೆ ಲಾಕ್ ಮಾಡುವ ಗುಂಡಿ ಇರಬೇಕು. ಜಲ್ಲಿ, ಮಣ್ಣು ಬಂದಾಗ ಅದು ಬೇಕೇ ಬೇಕು.

ದೊಡ್ಡ ಹಳ್ಳ ಅಥವಾ ಎತ್ತರದ ಅಂಚು ಬಂದರೆ ಮುಂದಕ್ಕೆ ನುಗ್ಗಿಸಬೇಡಿ. ಸ್ಟ್ರೋಲರನ್ನು ತಿರುಗಿಸಿ, ಹಿಂದಿನ ಚಕ್ರಗಳನ್ನು ಮೊದಲು ಮೇಲೆ ಹತ್ತಿಸಿ ಎಳೆದುಕೊಳ್ಳಿ. ಆಗ ಮಗು ಮುಂದಕ್ಕೆ ಮುಗ್ಗರಿಸುವ ಭಯ ಇರುವುದಿಲ್ಲ, ಕೈಗೂ ಸುಲಭ.

ಅತ್ತೆಯ ವಿಷಯಕ್ಕೆ ಬರುತ್ತೇನೆ. ಅವರು ಹವಾಯಿ ಚಪ್ಪಲಿ ಹಾಕುತ್ತಾರೆ. ಕೆಲವು ಸ್ಟ್ರೋಲರಿನ ಬ್ರೇಕನ್ನು ಹಾಕಲು ಕಾಲಲ್ಲಿ ಒತ್ತಬೇಕು, ತೆಗೆಯಲು ಕಾಲ್ಬೆರಳಿನಿಂದ ಮೇಲಕ್ಕೆ ಎತ್ತಬೇಕು. ಶೂ ಹಾಕಿದವರಿಗೆ ಸರಿ. ಚಪ್ಪಲಿ ಕಾಲಿಗೆ ಹೆಬ್ಬೆರಳ ಉಗುರು ನೋಯುತ್ತದೆ. ನೋವಿಗೆ ಹೆದರಿ ಬ್ರೇಕ್ ಹಾಕುವುದನ್ನೇ ಬಿಟ್ಟರೆ ಇಳಿಜಾರಿನಲ್ಲಿ ಗಾಡಿ ತಾನೇ ಹೊರಟುಬಿಡುತ್ತದೆ. ಹಾಕಲೂ ತೆಗೆಯಲೂ ಎರಡಕ್ಕೂ ಮೇಲಿನಿಂದ ಒತ್ತಿದರೆ ಸಾಕು ಅನ್ನುವ ಬ್ರೇಕ್ ಇರುವುದನ್ನೇ ನೋಡಿ ತಂದೆ. ಇಂಥ ಸಣ್ಣ ವಿಷಯ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಹಾಗೆಯೇ ಸೀರೆ ಸೆರಗು, ಚೂಡಿದಾರದ ವೇಲ್ ಸೊಂಟಕ್ಕೆ ಸಿಕ್ಕಿಸಿಕೊಂಡೇ ತಳ್ಳಬೇಕು. ಹಿಂದಿನ ಚಕ್ರ ಕಾಲಿನ ಹತ್ತಿರವೇ ಇರುವುದರಿಂದ ಬಟ್ಟೆ ಸುತ್ತಿಕೊಳ್ಳುತ್ತದೆ.

ಕಟ್ಟಿನಕೆರೆ ಮಾರುಕಟ್ಟೆಯಿಂದ ಬರುವಾಗ ತರಕಾರಿ ಚೀಲವನ್ನು ಹ್ಯಾಂಡಲಿಗೆ ನೇತುಹಾಕಲು ಆಸೆಯಾಗುತ್ತದೆ. ಬೇಡ. ಹಗುರವಾದ ಸ್ಟ್ರೋಲರ್ ಹಿಂದಕ್ಕೆ ಮಗುಚಲು ನಾಲ್ಕೈದು ಕೆಜಿ ಸಾಕು. ಭಾರ ಏನಿದ್ದರೂ ಕೆಳಗಿನ ಬುಟ್ಟಿಗೆ, ಅದೂ ಅದರ ಮಿತಿಯಷ್ಟೇ.

ಮಗುವಿನ ವಯಸ್ಸೂ ಮುಖ್ಯ. ಯುರೋಪಿನ ಇ.ಎನ್. 1888 ಮಾನದಂಡದ ಪ್ರಕಾರ ಆರು ತಿಂಗಳೊಳಗಿನ ಕೂಸಿಗೆ ಬಳಸುವ ಸೀಟಿನ ಬೆನ್ನು ಕನಿಷ್ಠ 150 ಡಿಗ್ರಿ ಒರಗಬೇಕು, ಅಂದರೆ ಹೆಚ್ಚುಕಮ್ಮಿ ಮಲಗಿದ ಹಾಗೆ. ಕಾಂಪ್ಯಾಕ್ಟ್ ಸ್ಟ್ರೋಲರ್‌ಗಳಲ್ಲಿ ಹಲವು ಅಷ್ಟು ಒರಗುವುದಿಲ್ಲ. ನಾವು ಮಗಳು ತಾನೇ ಕುತ್ತಿಗೆ ನಿಲ್ಲಿಸಿ ಕೂರುವವರೆಗೂ ಕಾದೆವು. ಅಲ್ಲಿಯವರೆಗೆ ಎದೆಗೆ ಕಟ್ಟಿಕೊಳ್ಳುವ ಬಟ್ಟೆಯೇ ಸಾಕಾಯಿತು. ಬೆಲ್ಟ್ ಐದು ಕಡೆ ಹಿಡಿಯುವಂಥದ್ದೇ ಆಗಬೇಕು: ಎರಡು ಹೆಗಲು, ಎರಡು ಸೊಂಟ, ಕಾಲುಗಳ ನಡುವೆ ಒಂದು. ಮೂರೇ ಕಡೆ ಹಿಡಿಯುವುದರಲ್ಲಿ ತುಂಟ ಮಕ್ಕಳು ಎದ್ದು ನಿಂತುಬಿಡುತ್ತಾರೆ.

ಬೆಂಗಳೂರಿನ ಬಿಸಿಲಿಗೆ ಮೇಲಿನ ಛಾವಣಿ ಉದ್ದವಾಗಿರಬೇಕು. ಬಿಸಿಲು ಅಂತ ಸ್ಟ್ರೋಲರಿನ ಮೇಲೆ ಟವೆಲ್ ಹೊದಿಸಬೇಡಿ. ಗಾಳಿ ನಿಂತು ಒಳಗೆ ಸೆಕೆ ಏರುತ್ತದೆ. ಮಳೆಯ ಪ್ಲಾಸ್ಟಿಕ್ ಕವರೂ ಅಷ್ಟೇ, ಮಳೆ ನಿಂತ ಕೂಡಲೇ ತೆಗೆಯಬೇಕು. ನಮ್ಮ ಕಡೆಯ ಇನ್ನೊಂದು ಕಾಟ ಬೂಷ್ಟು. ಜುಲೈನಲ್ಲಿ ಒದ್ದೆ ಸ್ಟ್ರೋಲರನ್ನು ಮಡಚಿ ಮೂಲೆಗಿಟ್ಟರೆ ಬೆಲ್ಟಿನ ಮೇಲೆಲ್ಲ ಬಿಳಿ ಚುಕ್ಕೆ. ಸೀಟಿನ ಬಟ್ಟೆ ಬಿಚ್ಚಿ ಒಗೆಯಲು ಬರುತ್ತದಾ ಅಂತ ಕೇಳಿಯೇ ಕೊಳ್ಳಿ. ಮಳೆಗಾಲದಲ್ಲಿ ಮಡಚದೆ, ಬಿಚ್ಚಿಯೇ ಫ್ಯಾನಿನ ಕೆಳಗೆ ಇಡುತ್ತೇನೆ. ಚಕ್ರ ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ ಬಿಡಬೇಡಿ. ಧೂಳು ಹಿಡಿಯುತ್ತದೆ, ಹಾಸನದ ಚಳಿಗೆ ಗಟ್ಟಿಯೂ ಆಗುತ್ತದೆ. ಸಿಲಿಕೋನ್ ಸ್ಪ್ರೇ ಒಳ್ಳೆಯದು.

ವಿಮಾನದ ಬಗ್ಗೆ ಒಂದು ಮಾತು ವಿವರವಾಗಿಯೇ ಹೇಳಬೇಕು. ಪುಣೆಯ ಅಕ್ಕನ ಮನೆಗೆ ಹೋಗುವಾಗ ಇದನ್ನು ಕೂತು ಓದಿಕೊಂಡೆ. 'ಕ್ಯಾಬಿನ್ ಸೈಜ್' ಅಂತ ಬಾಕ್ಸ್ ಮೇಲೆ ಬರೆದಿರುವುದು ಹೆಚ್ಚಾಗಿ ಅಂತಾರಾಷ್ಟ್ರೀಯ ವಿಮಾನಯಾನ ಸಂಘ ಐಎಟಿಎ ಸೂಚಿಸುವ 56×45×25 ಸೆಂಟಿಮೀಟರ್ ಅಳತೆಗೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಕೈಚೀಲದ ಮಿತಿ 55×35×25, ತೂಕ 7 ಕೆಜಿ. ಅಂದರೆ 44 ಸೆಂಟಿಮೀಟರ್ ಅಗಲದ ಸ್ಟ್ರೋಲರ್ ಐಎಟಿಎ ಅಳತೆಗೆ ಸರಿಹೊಂದಿದರೂ ಇಲ್ಲಿಯ ಲೆಕ್ಕಕ್ಕೆ ದೊಡ್ಡದು. ಒಳಗೆ ಬಿಡುವುದು ಬಿಡದಿರುವುದು ಆಯಾ ವಿಮಾನ ಸಂಸ್ಥೆಗೆ, ಅವತ್ತಿನ ಜಾಗಕ್ಕೆ ಬಿಟ್ಟಿದ್ದು. ಎಟಿಆರ್‌ನಂಥ ಸಣ್ಣ ವಿಮಾನಗಳಲ್ಲಿ ಮೇಲಿನ ಗೂಡೂ ಚಿಕ್ಕದು. ಆದರೆ ಮಗುವಿನ ಸ್ಟ್ರೋಲರನ್ನು ಗೇಟಿನವರೆಗೆ ತಳ್ಳಿಕೊಂಡು ಹೋಗಿ, ಅಲ್ಲಿ ಟ್ಯಾಗ್ ಹಾಕಿಸಿ ಕೊಡುವ ದಾರಿ ಇದ್ದೇ ಇದೆ. ನಾನು ಮಾಡುವುದೂ ಹಾಗೇ. ಟಿಕೆಟ್ ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಇಳಿದ ಮೇಲೆ ಬಾಗಿಲಲ್ಲೇ ಸಿಗುತ್ತದಾ, ಲಗೇಜ್ ಬೆಲ್ಟಿಗೆ ಬರುತ್ತದಾ ಅಂತಲೂ ಕೇಳಿ. ಕೊಡುವ ಮೊದಲು ಮುಂದಿನ ಅಡ್ಡಕಂಬಿ, ಕಪ್ ಹೋಲ್ಡರ್ ಕಳಚಿ ಬ್ಯಾಗಿಗೆ ಹಾಕಿಕೊಳ್ಳಿ, ಉಳಿದದ್ದಕ್ಕೆ ಚೀಲ ತೊಡಿಸಿ. ಭದ್ರತಾ ತಪಾಸಣೆಯಲ್ಲಿ ಮಗುವನ್ನು ಎತ್ತಿಕೊಂಡು ಸ್ಟ್ರೋಲರನ್ನು ಮಡಚಿ ಯಂತ್ರಕ್ಕೆ ಹಾಕಬೇಕಾಗುತ್ತದೆ. ಒಂದು ಕೈಯಲ್ಲಿ ಮಡಚುವ ಅಭ್ಯಾಸ ಅಲ್ಲಿ ಕೈಹಿಡಿಯುತ್ತದೆ. ಏರ್‌ಪೋರ್ಟ್ ಟ್ಯಾಕ್ಸಿಗಳಲ್ಲಿ ಡಿಕ್ಕಿಯ ಅರ್ಧ ಸಿಎನ್‌ಜಿ ಸಿಲಿಂಡರಿಗೇ ಹೋಗಿರುತ್ತದೆ. ಚಪ್ಪಟೆಯಾಗಿ ಮಡಚುವುದಾದರೆ ಕಾಲಬುಡದಲ್ಲಾದರೂ ಇಡಬಹುದು.

ಕೆಂಪು ಬಸ್ಸಿನಲ್ಲಿ ಮೆಟ್ಟಿಲು ಎತ್ತರ, ಬಾಗಿಲು ಕಿರಿದು. ಮೊದಲು ಸ್ಟ್ರೋಲರನ್ನು ಒಳಗೆ ಕೊಟ್ಟು ಆಮೇಲೆ ಮಗುವಿನ ಜೊತೆ ಹತ್ತುತ್ತೇನೆ. ಕೇಳಿದರೆ ಯಾರಾದರೂ ಹಿಡಿದುಕೊಳ್ಳುತ್ತಾರೆ.

ಕೆಲವು ಕಡೆ ತಗೊಂಡು ಹೋಗದಿರುವುದೇ ಸರಿ. ಹಾಸನಾಂಬೆ ದರ್ಶನದ ಸಾಲಿನಲ್ಲಿ ಇದಕ್ಕೆ ಜಾಗವಿಲ್ಲ. ಶ್ರವಣಬೆಳಗೊಳದಲ್ಲಿ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಬೇಲೂರು, ಹಳೇಬೀಡಿನಲ್ಲಿ ಹೊಸ್ತಿಲೂ ಕಲ್ಲುಹಾಸೂ ಚಕ್ರಕ್ಕಾಗಿ ಮಾಡಿದ್ದಲ್ಲ. ಅಲ್ಲೆಲ್ಲ ಗಾಡಿ ಕಾರಿನಲ್ಲೇ ಇರಲಿ, ಮಗು ಸೊಂಟದ ಮೇಲಿರಲಿ.

ಹೊಸದು ಕೊಳ್ಳಲೇಬೇಕು ಅಂತಿಲ್ಲ. ಮಕ್ಕಳು ಬೇಗ ಬೆಳೆಯುವುದರಿಂದ ಪರಿಚಯದವರ ಮನೆಯಲ್ಲಿ ಒಳ್ಳೆಯ ಸ್ಥಿತಿಯಲ್ಲೇ ಸಿಗುತ್ತದೆ. ತಗೊಳ್ಳುವಾಗ ಮಡಚುವ ಕೊಕ್ಕೆಯನ್ನು ಹತ್ತಾರು ಸಲ ಹಾಕಿ ತೆಗೆದು ನೋಡಿ. ಬ್ರೇಕ್ ಹಾಕಿ ಅಕ್ಕಿ ಮೂಟೆ ಇಟ್ಟು ಇಳಿಜಾರಿನಲ್ಲಿ ನಿಲ್ಲಿಸಿ. ಬೆಲ್ಟಿನ ಹೊಲಿಗೆ ಎಳೆದು ನೋಡಿ, ಕ್ಲಿಪ್ಪು ಬಿರುಕು ಬಿಟ್ಟಿದೆಯಾ ನೋಡಿ. ಬಟ್ಟೆ ಮಾಸಿದ್ದರೆ ಒಗೆಯಬಹುದು, ಚಕ್ರ ಸವೆದಿದ್ದರೆ ಆ ಕಂಪನಿಯ ಚಕ್ರ ಬಿಡಿಯಾಗಿ ಸಿಗುತ್ತದಾ ಅಂತ ವಿಚಾರಿಸಬಹುದು. ಕೊಕ್ಕೆ, ಬ್ರೇಕು, ಬೆಲ್ಟು, ಈ ಮೂರರಲ್ಲಿ ಒಂದು ಸಡಿಲ ಇದ್ದರೂ ಪುಕ್ಕಟೆ ಕೊಟ್ಟರೂ ತರಬೇಡಿ.