ಅಂತಸ್ತು ಅಂದ್ರೆ ಎಷ್ಟು ಮಹಡಿ, ಮೇಡಂ?

ಪ್ರಥಮ ಪಿಯುಸಿ ಮಕ್ಕಳಿಗೆ ಸಮಾಜಶಾಸ್ತ್ರ ಹೇಳಿಕೊಡಲು ಶುರು ಮಾಡಿದ ಮೊದಲ ವರ್ಷದ ಮಾತು. ಮಂಡ್ಯದ ಒಂದು ಕಾಲೇಜು, ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ವಿಭಾಗ, ಊಟ ಆದ ಮೇಲಿನ ಪಿರಿಯಡ್ಡು. ಬೋರ್ಡಿನ ಮೇಲೆ 'ಅಂತಸ್ತು ಮತ್ತು ಪಾತ್ರ' ಎಂದು ಬರೆದು ನೋಟ್ಸ್ ಹೇಳತೊಡಗಿದೆ. 'ಸಮಾಜದಲ್ಲಿ ವ್ಯಕ್ತಿ ಹೊಂದಿರುವ ಸ್ಥಾನವೇ ಅಂತಸ್ತು...' ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ಅಂತಸ್ತು ಅಂದ್ರೆ ಎಷ್ಟು ಮಹಡಿ, ಮೇಡಂ?" ಇಡೀ ಕ್ಲಾಸು ನಕ್ಕಿತು. ನನಗೆ ಸಿಟ್ಟು ಬಂತು. ಸುಮ್ನೆ ಕೂತ್ಕೋ ಅಂದೆ.

ಸಂಜೆ ಮೈಸೂರಿನ ರೈಲಿನಲ್ಲಿ ಕೂತಾಗ ಆ ಪ್ರಶ್ನೆ ಮತ್ತೆ ನೆನಪಾಯಿತು. ಆ ಹುಡುಗ ತಮಾಷೆ ಮಾಡಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಎರಡೇ ಅಂತಸ್ತು. ಒಂದು, ಮೂರಂತಸ್ತಿನ ಮನೆ. ಇನ್ನೊಂದು, ಸಿನಿಮಾದ ಸಾಹುಕಾರ ಅಪ್ಪ ಬಡ ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸಿ 'ನಿನ್ನ ಅಂತಸ್ತೇನು, ನಮ್ಮ ಅಂತಸ್ತೇನು' ಎನ್ನುತ್ತಾನಲ್ಲ, ಅದು. ನನ್ನ ಮೂರನೇ ಅರ್ಥಕ್ಕೆ ಅವನ ತಲೆಯಲ್ಲಿ ಜಾಗವೇ ಇರಲಿಲ್ಲ.

ಹಾಗೆ ನೋಡಿದರೆ ನಮ್ಮ ಶಾಸ್ತ್ರದ ಪದಗಳೆಲ್ಲ ಮೊದಲೇ ಬೇರೆಯವರು ವಾಸ ಮಾಡುತ್ತಿರುವ ಮನೆಗಳು. 'ಸಮಾಜ' ಅಂದರೆ ಪೇಪರಿನಲ್ಲಿ ಬರುವ 'ಸಮಾಜದ ಮುಖಂಡರು', 'ನಮ್ಮ ಸಮಾಜದ ಹಾಸ್ಟೆಲ್ಲು'. ನೇರವಾಗಿ ಹೇಳಿದರೆ ಜಾತಿ. 'ಸಂಘ' ಅಂದರೆ ಅಮ್ಮ ವಾರಕ್ಕೊಮ್ಮೆ ಕಂತು ಕಟ್ಟಲು ಹೋಗುವ ಜಾಗ, ಇಲ್ಲವೇ ಬೆಳಗ್ಗೆ ಹಾಲು ಹಾಕುವ ಡೈರಿ. 'ಸಂಸ್ಕೃತಿ' ಅಂದರೆ ಒಳ್ಳೆಯ ನಡತೆ. ಸಂಸ್ಕೃತಿ ಇಲ್ಲದವನು ಅನ್ನೋದು ಬೈಗುಳ. ಸಂಸ್ಕೃತಿ ಇಲ್ಲದ ಮನುಷ್ಯರೇ ಇಲ್ಲ ಅಂತ ನಾನು ಹೇಳಿದರೆ ಮಕ್ಕಳು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದರು. ಇಂಗ್ಲಿಷಿನ ಪದವೇ ಇರಲಿ ಅಂತ 'ಸ್ಟೇಟಸ್' ಅಂದರೆ, ಅದನ್ನು ವಾಟ್ಸಾಪ್ ಕಿತ್ತುಕೊಂಡಿದೆ!

ನಾನು ಎಂ.ಎ. ಮಾಡಿದ್ದು ಮಾನಸಗಂಗೋತ್ರಿಯಲ್ಲಿ. ಅಲ್ಲಿ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಯೇ ಪಾಸಾದವಳು ನಾನು. ಹಾಗಾಗಿ ಮಕ್ಕಳಿಗೂ ಅದನ್ನೇ ಮಾಡಿಸಿದೆ. ಮೊದಲ ಟೆಸ್ಟಿನಲ್ಲಿ ಎಲ್ಲರೂ ವ್ಯಾಖ್ಯೆಯನ್ನು ಒಂದಕ್ಷರ ಬಿಡದೆ ಬರೆದಿದ್ದರು. 'ನಿಮ್ಮದೇ ಒಂದು ಉದಾಹರಣೆ ಕೊಡಿ' ಎಂಬ ಕಡೆ ಮುಕ್ಕಾಲು ಪಾಲು ಖಾಲಿ.

ದಾರಿ ತೋರಿಸಿದ್ದು ಕುರುಕ್ಷೇತ್ರ ನಾಟಕ. ನಮ್ಮ ಕಡೆ ಇದರ ಹುಚ್ಚು ಎಷ್ಟು ಅಂತ ಹೇಳಬೇಕಿಲ್ಲ. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಹಿಡಿದು ಬರುತ್ತಾರೆ. ಊರಿನ ರೈತರು, ಮೆಕ್ಯಾನಿಕ್ಕುಗಳು, ಕಂಡಕ್ಟರುಗಳು ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸ್ ಮಾಡುತ್ತಾರೆ. ಪಾತ್ರ ಮಾಡೋರಿಗೆ ದುಡ್ಡು ಕೊಡೋದಿಲ್ಲ, ಅವರೇ ಕೊಡಬೇಕು. ಇಂಥ ಪಾತ್ರಕ್ಕೆ ಇಷ್ಟು ಅಂತ ಇರುತ್ತದೆ. ದುರ್ಯೋಧನ, ಕೃಷ್ಣ ಅಂದರೆ ಜಾಸ್ತಿ. ದ್ವಾರಪಾಲಕನಿಗೆ ಕಮ್ಮಿ. 'ಪಾತ್ರ' ಅಂದ ಕೂಡಲೇ ಒಬ್ಬ ಹುಡುಗ "ನಮ್ಮಪ್ಪ ಎರಡ್ ಸಲ ದುರ್ಯೋಧನ ಮಾಡವ್ರೆ ಮೇಡಂ" ಅಂದ. ಸರಿ, ಪುಸ್ತಕ ಮುಚ್ಚಿದೆ.

ದುರ್ಯೋಧನನ ಸಿಂಹಾಸನ ಇದೆ ಅಲ್ವಾ, ಅದು ಅಂತಸ್ತು. ಹೋದ ವರ್ಷ ಅದರಲ್ಲಿ ನಿಮ್ಮಪ್ಪ ಕೂತಿದ್ದರು, ಈ ವರ್ಷ ಪಕ್ಕದ ಮನೆಯವರು. ಮನುಷ್ಯ ಬದಲಾದ, ಜಾಗ ಹಾಗೇ ಇದೆ. ಆ ಜಾಗದಲ್ಲಿ ಕೂತವನು ಏನು ಮಾಡಬೇಕೋ ಅದು ಪಾತ್ರ. ಮೀಸೆ ತಿರುವಬೇಕು, ಗದೆ ಎತ್ತಬೇಕು. ಮೆತ್ತಗೆ ನಡೆದುಕೊಂಡು ಬಂದರೆ? "ಜನ ಬುಡಲ್ಲ ಮೇಡಂ, ಕೂಗ್ತಾರೆ!" ಆ ಕೂಗೇ ಸಾಮಾಜಿಕ ನಿಯಂತ್ರಣ. ಮುಂದೆ ಬರುವ ಅಧ್ಯಾಯ ಅವತ್ತೇ ಅರ್ಧ ಮುಗಿಯಿತು. ಅಮೆರಿಕದ ಮಾನವಶಾಸ್ತ್ರಜ್ಞ ರಾಲ್ಫ್ ಲಿಂಟನ್ 1936ರಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಅಂತಸ್ತು ಅಂದರೆ ಹಕ್ಕು ಮತ್ತು ಕರ್ತವ್ಯಗಳ ಒಂದು ಗಂಟು. ಆ ಗಂಟು ಬಿಚ್ಚಿ ನಡೆಸಿ ತೋರಿಸೋದು ಪಾತ್ರ. ಹೆಸರು, ಇಸವಿ ಕೊನೆಗೆ ಹೇಳಿದರೆ ಮಕ್ಕಳಿಗೆ ನೆನಪಿರುತ್ತದೆ. ಮೊದಲೇ ಹೇಳಿದರೆ ಅದು ಬರೀ ಎರಡು ಮಾರ್ಕಿನ ಪ್ರಶ್ನೆ.

ಗೆದ್ದೆ ಅಂದುಕೊಂಡು ಮಾರನೇ ವಾರ ಎಡವಿದೆ. ಹುಟ್ಟಿನಿಂದ ಬರುವ ಅಂತಸ್ತು, ಗಳಿಸಿದ ಅಂತಸ್ತು ಅಂತ ಎರಡು ಕಾಲಂ ಎಳೆದು, ಪ್ರತಿಯೊಬ್ಬರೂ ಬಂದು ತಮ್ಮದನ್ನು ಬೋರ್ಡಿನ ಮೇಲೆ ಬರೆಯಲಿ ಅಂದೆ. ಮಗಳು, ತಂಗಿ, ಹುಡುಗ, ಕಬಡ್ಡಿ ಕ್ಯಾಪ್ಟನ್ ಅಂತೆಲ್ಲ ಬಂತು. ಆಮೇಲೆ ಮುಂದಿನ ಬೆಂಚಿನವನೊಬ್ಬ ಹುಟ್ಟಿನ ಕಾಲಂನಲ್ಲಿ ತನ್ನ ಜಾತಿಯ ಹೆಸರು ಬರೆದ, ಹೆಮ್ಮೆಯಿಂದಲೇ. ಅವನ ಹಿಂದೆ ಇನ್ನಿಬ್ಬರು ಬರೆದರು. ಅಷ್ಟೆ. ನಂತರ ಯಾರೂ ಏಳಲಿಲ್ಲ. ಕಿಟಕಿ ಪಕ್ಕದ ಇಬ್ಬರು ಹುಡುಗಿಯರು ತಲೆ ತಗ್ಗಿಸಿ ನೋಟ್ಸ್ ಪುಟ ತಿರುಗಿಸುತ್ತಾ ಕೂತರು. ನಾನು ಡಸ್ಟರ್ ತೆಗೆದುಕೊಂಡು ಒರೆಸಿದೆ. ಒರೆಸಿದ್ದೂ ತಪ್ಪೇ ಅನಿಸಿತು, ಬರೆಸಿದ್ದು ಅದಕ್ಕಿಂತ ದೊಡ್ಡ ತಪ್ಪು.

ಅವತ್ತಿನಿಂದ ಯಾವ ಮಗುವಿನ ಹತ್ತಿರವೂ ತನ್ನ ಹುಟ್ಟಿನ ಉದಾಹರಣೆ ಕೇಳಿಲ್ಲ. ಆ ಜಾಗಕ್ಕೆ ಕರ್ಣನನ್ನು ಕರೆತಂದೆ. ಅಸ್ತ್ರವಿದ್ಯೆ ತೋರಿಸಲು ಬಂದವನಿಗೆ ಮೊದಲು ಕೇಳಿದ್ದು ಕುಲ. ಅಲ್ಲೇ ದುರ್ಯೋಧನ ಅಂಗರಾಜ್ಯದ ಪಟ್ಟ ಕಟ್ಟುತ್ತಾನೆ. ಒಂದು ಕಾಲಂ ಆಯಿತು, ಇನ್ನೊಂದೂ ಆಯಿತು. ಪಟ್ಟ ಕಟ್ಟಿದ ಮೇಲೂ ಸೂತಪುತ್ರ ಅನ್ನೋದು ನಿಂತಿತಾ ಅಂತ ಕೇಳಿದರೆ ಕ್ಲಾಸು ತಾನಾಗಿಯೇ ಮಾತಾಡುತ್ತದೆ. ಯುದ್ಧಕ್ಕೆ ಮುಂಚೆ ಕುಂತಿ ಬಂದು ನಿಂತಾಗ ಅವನ ಸ್ಥಿತಿ ಏನು? ಒಂದು ಕಡೆ ಮಗ, ಇನ್ನೊಂದು ಕಡೆ ಗೆಳೆಯ. ಪಾತ್ರ ಸಂಘರ್ಷಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ದೇಶದ ಪುಸ್ತಕದಲ್ಲೂ ನಾನು ನೋಡಿಲ್ಲ.

ಆದರೆ ಜಾತಿಯನ್ನು ಬರೀ ಪುರಾಣದಲ್ಲಿ ಬಚ್ಚಿಟ್ಟರೆ ಅದೂ ಮೋಸವೇ. ಸಹೋದ್ಯೋಗಿಯೊಬ್ಬರು "ಆ ವಿಷಯ ಯಾಕಮ್ಮ, ಪುಸ್ತಕದಲ್ಲಿರೋದು ಓದಿಬಿಡಿ" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಅದಕ್ಕೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರನ್ನು ಹಿಡಿದುಕೊಂಡೆ. ಮೈಸೂರಿನಲ್ಲೇ 1916ರಲ್ಲಿ ಹುಟ್ಟಿದವರು. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಗೆ ಹೋಗಿ ಉಳಿದರು. ಬರವಣಿಗೆಯಲ್ಲಿ ಅದಕ್ಕೆ ಅವರು ಇಟ್ಟ ಹೆಸರು ರಾಂಪುರ. ಬೆಳಗ್ಗೆ ಸ್ನಾನ ಮಾಡಿ ಆಮೇಲೆ ಗಡ್ಡ ಕೆರೆದುಕೊಂಡರೆ ಊರಿನ ಮುಖಂಡರು ಆಕ್ಷೇಪಿಸಿದರಂತೆ. ಬ್ರಾಹ್ಮಣರಾಗಿ ಹೀಗೆ ಮಾಡಬಹುದೇ, ಕ್ಷೌರ ಮೊದಲು, ಸ್ನಾನ ಆಮೇಲೆ ಅಲ್ಲವೇ ಅಂತ. ಈ ಕತೆ ಹೇಳಿದರೆ ಮಕ್ಕಳು ನಗುತ್ತಾರೆ. ಅಂತಸ್ತು ಅನ್ನೋದು ನಾವು ಹೊತ್ತುಕೊಂಡದ್ದಷ್ಟೇ ಅಲ್ಲ, ಎದುರಿಗಿರುವವರು ಹೊರಿಸೋದೂ ಹೌದು ಅಂತ ಆಗ ಹೊಳೆಯುತ್ತದೆ. ಅಲ್ಲಿಂದ 'ಪ್ರಬಲ ಜಾತಿ'ಗೆ ಹೋಗೋದು ಸುಲಭ. ಸಂಖ್ಯೆ, ಭೂಮಿ, ಅಧಿಕಾರ ಯಾರ ಕೈಯಲ್ಲಿದೆ ಅಂತ ರಾಂಪುರದ ಬಗ್ಗೆ ಕೇಳುತ್ತೇನೆ. ತಮ್ಮ ತಮ್ಮ ಊರಿನ ಲೆಕ್ಕವನ್ನು ಮಕ್ಕಳು ಮನಸ್ಸಿನಲ್ಲೇ ಹಾಕಿಕೊಳ್ಳುತ್ತಾರೆ. ಮುಖ ನೋಡಿದರೆ ಗೊತ್ತಾಗುತ್ತದೆ. ಬೋರ್ಡಿಗೆ ಬರೋದು ಬೇಡ.

ಇನ್ನು ರೂಢಿ, ನಿಯಮಗಳ ಪಾಠ. ಹೆರಾಲ್ಡ್ ಗಾರ್ಫಿಂಕೆಲ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1960ರ ದಶಕದ ಹೊತ್ತಿಗೆ ತಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟಿದ್ದರು: ನಿಮ್ಮ ಮನೆಯಲ್ಲೇ ಸ್ವಲ್ಪ ಹೊತ್ತು ಬಾಡಿಗೆಗೆ ಇರುವವರ ಹಾಗೆ ವಿನಯದಿಂದ ನಡೆದುಕೊಳ್ಳಿ. ಅದನ್ನೇ ಮಾಡಿಸೋಣ ಅಂತ ಒಂದು ಶನಿವಾರ ಹೇಳಿ ಕಳಿಸಿದೆ. ಅರ್ಧ ಗಂಟೆ ಮಾತ್ರ. ಕೂರೋಕೆ ಅಪ್ಪಣೆ ಕೇಳಿ, ನೀರು ಕೊಟ್ಟರೆ ಥ್ಯಾಂಕ್ಸ್ ಹೇಳಿ, ಬಡಿಸಿದರೆ 'ಸಾಕು, ತುಂಬಾ ಚೆನ್ನಾಗಿದೆ' ಅನ್ನಿ.

ಸೋಮವಾರ ಅಟೆಂಡೆನ್ಸ್ ತೆಗೆದುಕೊಳ್ಳೋಕೂ ಬಿಡಲಿಲ್ಲ. ಒಬ್ಬನ ತಾಯಿ ಹಣೆ ಮುಟ್ಟಿ ನೋಡಿ "ಯಾಕ್ಲಾ ಮಗ, ಮೈಗ್ ಸರಿಯಿಲ್ವಾ?" ಅಂದರಂತೆ. ಇನ್ನೊಬ್ಬನ ಅಪ್ಪ ಟಿವಿಯಿಂದ ಕಣ್ಣು ತೆಗೆಯದೆ "ಎಷ್ಟ್ ಬೇಕು, ಯೋಳು" ಅಂದರು. ಒಬ್ಬಳ ಅಜ್ಜಿಗೆ ನಿಜವಾಗಿಯೂ ಬೇಜಾರಾಯಿತು. ಮುದ್ದೆ ಹಾಕಿದ್ದಕ್ಕೆ ಮೊಮ್ಮಗಳು ಥ್ಯಾಂಕ್ಸ್ ಅಂದಳು. "ನಾನೇನು ಓಟ್ಲು ಮಡಗಿದ್ದೀನಾ?" ಅಂತ ತಟ್ಟೆ ಸರಿಸಿ ಎದ್ದು ಹೋದರಂತೆ. ರಾತ್ರಿ ಸಮಾಧಾನ ಮಾಡಲು ಸಾಕಾಯಿತು. ವಿನಯವೂ ಒಂದು ಕಡೆ ಅವಮಾನ ಆಗಬಹುದು; ಮನೆಯ ನಿಯಮ ಯಾರೂ ಬರೆದಿಟ್ಟಿಲ್ಲ, ಮುರಿದಾಗ ಮಾತ್ರ ಕಾಣುತ್ತದೆ. ಇದನ್ನು ನಾನು ಹೇಳಲೇ ಇಲ್ಲ, ಅವರೇ ಹೇಳಿದರು. ಆಪ್ತ ಗುಂಪಿಗೂ ಆಫೀಸಿನಂಥ ಗುಂಪಿಗೂ ಏನು ವ್ಯತ್ಯಾಸ ಅನ್ನೋದಕ್ಕೆ ಆ ಅಜ್ಜಿಯ ಒಂದು ಮಾತು ಸಾಕು.

ಎಲ್ಲರೂ ನಗುತ್ತಿರುವಾಗ ಒಬ್ಬಳು ಮಾತ್ರ ಕೈ ಎತ್ತಿದಳು. "ಮೇಡಂ, ನನ್ ಕೈಲಿ ಆಗ್ಲಿಲ್ಲ. ಅವ್ವ ಗದ್ದೆಯಿಂದ ಬರೋದು ಲೇಟು. ಒಲೆ ಮುಂದೆ ನಾನೇ ಇದ್ದೆ. ಬಡಿಸಿದ್ದೂ ನಾನೇ. ಯಾರಿಗೆ ಥ್ಯಾಂಕ್ಸ್ ಹೇಳ್ಲಿ?" ನನಗೆ ತಕ್ಷಣ ಏನೂ ತೋಚಲಿಲ್ಲ. ಅತಿಥಿ ಥರ ಕೂರೋಕೆ ಯಾರ್ಯಾರಿಗೆ ಆಯಿತು ಅಂತ ಕೈ ಎತ್ತಿಸಿದೆ. ಹುಡುಗರದ್ದು ಹೆಚ್ಚುಕಮ್ಮಿ ಎಲ್ಲರದ್ದೂ ಎದ್ದಿತು. ಹುಡುಗಿಯರದ್ದು ಆರೋ ಏಳೋ. ಲಿಂಗದ ಪಾಠ ಮುಂದೆ ಯಾವಾಗಲೋ ಬರಬೇಕಿತ್ತು. ಅವತ್ತೇ ಮಾಡಿದೆ.

ಒಂದು ಮಾತು: ಈ ಪ್ರಯೋಗವನ್ನು ನೀವು ಮಾಡಿಸುವುದಾದರೆ, ಆಮೇಲೆ ಮನೆಯವರಿಗೆ ನಿಜ ಹೇಳಬೇಕು ಅಂತ ಮಕ್ಕಳಿಗೆ ಕಡ್ಡಾಯ ಮಾಡಿ. ನಾನು ಮರೆತಿದ್ದೆ. ತಂದೆಯೊಬ್ಬರು ಕಾಲೇಜಿಗೇ ಬಂದು "ನಮ್ಮ ಹುಡುಗನಿಗೆ ಏನು ಕಲಿಸ್ತಿದ್ದೀರಿ?" ಅಂತ ಪ್ರಿನ್ಸಿಪಾಲರ ಮುಂದೆ ಕೂತಿದ್ದರು.

ಸಾಮಾಜಿಕ ಬದಲಾವಣೆಯ ಪಾಠಕ್ಕೆ ಮಂಡ್ಯಕ್ಕಿಂತ ಒಳ್ಳೆಯ ಜಾಗ ಇಲ್ಲ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಾನವಶಾಸ್ತ್ರಜ್ಞೆ 1950ರ ದಶಕದ ಮಧ್ಯದಲ್ಲಿ ಇಲ್ಲಿಗೆ ಬಂದು ಎರಡು ಹಳ್ಳಿ ನೋಡಿದರು. ಅವರು ಕೊಟ್ಟ ಹೆಸರು ವಂಗಲ ಮತ್ತು ದಲೇನ. ಒಂದಕ್ಕೆ ಕೆ.ಆರ್.ಎಸ್. ನಾಲೆಯ ನೀರು ಬಂತು. ಇನ್ನೊಂದು ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಇಷ್ಟು ಹೇಳಿ ನಿಲ್ಲಿಸುತ್ತೇನೆ. ಯಾವ ಊರು ಜಾಸ್ತಿ ಬದಲಾಯಿತು? ಪ್ರತಿ ವರ್ಷವೂ ಒಂದೇ ಉತ್ತರ: "ನೀರು ಬಂದದ್ದು ಮೇಡಂ!" ನಾಲೆ ಬಯಲಿನ ಮಕ್ಕಳು ಬೇರೆ ಹೇಗೆ ಹೇಳಿಯಾರು? ಆದರೆ ಎಪ್‌ಸ್ಟೀನ್ ಕಂಡದ್ದು ಉಲ್ಟಾ. ನೀರು ಬಂದ ಊರಿನಲ್ಲಿ ಕಬ್ಬು ಬಂತು, ಕಾಸು ಬಂತು. ಆದರೆ ಎಲ್ಲರೂ ಬೇಸಾಯದಲ್ಲೇ ಉಳಿದರು. ಒಕ್ಕಲು, ಆಳು, ಹಳೆಯ ಸಂಬಂಧಗಳು ಬಹುಮಟ್ಟಿಗೆ ಹಾಗೇ ಮುಂದುವರಿದವು. ನೀರು ಬಾರದ ಊರಿನವರು ಹೊರಗೆ ಹೊರಟರು. ಮಂಡ್ಯದಲ್ಲಿ ಕೆಲಸ ಹಿಡಿದರು, ವ್ಯಾಪಾರಕ್ಕೆ ಇಳಿದರು. ಆ ಊರೊಳಗೆ ಹಳೆಯ ಕಟ್ಟು ಸಡಿಲವಾಯಿತು.

ಇದನ್ನು ಕೇಳಿ ಒಣ ಭೂಮಿಯ ಕಡೆಯ ಒಬ್ಬ ಹುಡುಗ "ಹಂಗಾರೆ ನಮ್ಮೂರೇ ಮುಂದುವರಿದದೆ" ಅಂತ ಎದೆ ಉಬ್ಬಿಸಿದ. ಬದಲಾಗೋದು ಬೇರೆ, ಮುಂದುವರಿಯೋದು ಬೇರೆ ಅಂತ ಹೇಳೋ ಅಷ್ಟರಲ್ಲಿ ಬೆಲ್ ಹೊಡೆಯಿತು. ಮುಂದಿನ ಕ್ಲಾಸಿನಲ್ಲಿ ಅವನನ್ನೇ ಎಬ್ಬಿಸಿ ಆ ವ್ಯತ್ಯಾಸ ಹೇಳಿಸಿದೆ.

ಇಷ್ಟು ವರ್ಷವಾದರೂ ನನ್ನ ಕೈಗೆ ಸಿಗದ ಪದ ಒಂದಿದೆ: ಸಂಸ್ಥೆ. ಸಮಾಜಶಾಸ್ತ್ರಜ್ಞ ಮ್ಯಾಕೈವರ್ ಹೇಳಿದ ಪ್ರಕಾರ ನಾವು ಸಂಘಕ್ಕೆ ಸೇರುತ್ತೇವೆ, ಸಂಸ್ಥೆಗೆ ಸೇರೋದಿಲ್ಲ. ಸಂಘ ಅಂದರೆ ಜನ, ಸಂಸ್ಥೆ ಅಂದರೆ ಕೆಲಸ ನಡೆಯುವ ಗೊತ್ತಾದ ರೀತಿ. ಗಂಡ, ಹೆಂಡತಿ, ಮಕ್ಕಳಿರುವ ನಿಮ್ಮ ಮನೆ ಒಂದು ಸಂಘ. ಮದುವೆ ಒಂದು ಸಂಸ್ಥೆ. ಕಾಲೇಜು ಒಂದು ಸಂಘ. ಪರೀಕ್ಷೆ ಒಂದು ಸಂಸ್ಥೆ. ಬಿಡಿಸಿ ಬಿಡಿಸಿ ಹೇಳಿದೆ. ಬಾಡೂಟದ ಪಂಕ್ತಿ ತಂದೆ, ಸಂತೆ ತಂದೆ. ತಲೆ ಆಡಿಸಿದರು. ಆಮೇಲೆ ಮನೆಗೆ ಹೋಗುವಾಗ ಗೇಟಿನ ಹತ್ತಿರ ಇಬ್ಬರು ಹುಡುಗಿಯರು ನನ್ನನ್ನು ನಿಲ್ಲಿಸಿದರು. ಒಬ್ಬಳು ಮೇಲಕ್ಕೆ ಕೈ ತೋರಿಸಿದಳು. ಅಲ್ಲಿ ನಮ್ಮ ಕಾಲೇಜಿನ ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ 'ಪ್ರತಿಷ್ಠಿತ ಶಿಕ್ಷಣ ಸಂಸ್ಥೆ' ಎಂದಿತ್ತು.

"ಮೇಡಂ, ಹಂಗಾದ್ರೆ ಈ ಬೋರ್ಡು ತಪ್ಪಲ್ವಾ?"

ರೈಲಿಗೆ ಹೊತ್ತಾಗಿತ್ತು. ನಾಳೆ ಹೇಳ್ತೀನಿ ಅಂದೆ.