ಎಮ್ಮೆಲ್ಲೆ ಅಫಿಡವಿಟ್ಟು ಓದೋದು ಹೇಗೆ: ಒಬ್ಬ ಪತ್ರ ಬರಹಗಾರನ ಸಲಹೆ

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ, ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ನನ್ನದೊಂದು ಮೇಜು ಇದೆ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಬರೆಯೋದು ಕಸುಬು. ಚುನಾವಣೆ ಹತ್ತಿರ ಬಂತು ಅಂದರೆ ಪತ್ರ ಬರೆಸೋಕೆ ಬಂದವರೇ ಕೇಳುತ್ತಾರೆ: "ಸ್ವಾಮಿ, ಈ ಮನುಷ್ಯನನ್ನ ನಂಬಬಹುದಾ?" ಮುಖ ನೋಡಿ ಹೇಳೋಕೆ ನಾನೇನು ಜೋಯಿಸನಲ್ಲ. ಅವರು ಪ್ರಮಾಣ ಮಾಡಿ ಕೊಟ್ಟ ಕಾಗದ ಇದೆ, ಅದನ್ನು ಓದಿ ಅನ್ನುತ್ತೇನೆ.

ಊರಲ್ಲಿ ಒಬ್ಬರಿಗೆ ಹೆಸರು ಬರೋ ದಾರಿ ಬೇರೆ. ಮದುವೆಗೆ ಬಂದರು, ತಿಥಿಗೂ ಬಂದರು, ಜಾತ್ರೆಗೆ ಪೆಂಡಾಲ್ ಹಾಕಿಸಿದರು, ಆಸ್ಪತ್ರೆಗೆ ಫೋನ್ ಮಾಡಿ ಬೆಡ್ ಕೊಡಿಸಿದರು. ಇದನ್ನು ನಾನು ಕಡೆಗಣಿಸೋದಿಲ್ಲ. ಕಷ್ಟಕ್ಕೆ ಆದವರನ್ನು ಜನ ನೆನಪಿಟ್ಟುಕೊಳ್ಳೋದು ಸರಿಯೇ. ಆದರೆ ಪೆಂಡಾಲಿನ ದುಡ್ಡು ಎಲ್ಲಿಂದ ಬಂತು ಅನ್ನೋದು ಪೆಂಡಾಲಿನ ಕೆಳಗೆ ಕೂತವರಿಗೆ ಗೊತ್ತಾಗೋದಿಲ್ಲ.

ಅಭ್ಯರ್ಥಿ ನಾಮಪತ್ರದ ಜೊತೆ ಕೊಡುವ ಅಫಿಡವಿಟ್ಟಿಗೆ ನಮೂನೆ 26 ಅಂತ ಹೆಸರು. ಆಸ್ತಿ, ಸಾಲ, ಕೇಸು, ಓದು ಎಲ್ಲವನ್ನೂ ಮತದಾರರಿಗೆ ತಿಳಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಅದನ್ನು ತಪ್ಪಿಸಲು ತಂದ ಕಾನೂನಿನ ಕಲಂ 2003ರಲ್ಲಿ ಬಿದ್ದುಹೋಯಿತು. ಯಾವ ಕಾಲಂ ಅನ್ನೂ ಖಾಲಿ ಬಿಡುವ ಹಾಗಿಲ್ಲ ಅಂತ 2013ರಲ್ಲಿ ಇನ್ನೊಂದು ತೀರ್ಪು ಬಂತು. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಇವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಮೈನೇತಾ ಅನ್ನೋ ಜಾಲತಾಣದಲ್ಲಿ ಹಳೆಯವೂ ಸಿಗುತ್ತವೆ, ಮೊತ್ತಗಳನ್ನು ಕೂಡಿಸಿಯೂ ಇಟ್ಟಿರುತ್ತಾರೆ. ಆದರೂ ಮೂಲ ಪ್ರತಿ ನೋಡಿ. ಕೂಡಿಸಿದ ಮೊತ್ತದಲ್ಲಿ ಸರ್ವೆ ನಂಬರ್ ಇರೋದಿಲ್ಲ.

ಒಂದೇ ಅಫಿಡವಿಟ್ಟು ಓದಿದರೆ ಏನೂ ಪ್ರಯೋಜನವಿಲ್ಲ. 12 ಕೋಟಿ ಆಸ್ತಿ ಅಂತ ಕಂಡರೆ ಹೊಟ್ಟೆ ಉರಿಯುತ್ತದೆ, ಅಷ್ಟೇ. 2018ರದ್ದು ಮತ್ತು 2023ರದ್ದು ಎರಡನ್ನೂ ಪ್ರಿಂಟ್ ತೆಗೆಸಿ ಪಕ್ಕ ಪಕ್ಕ ಇಡಿ. ನಡುವೆ ಲೋಕಸಭೆಗೋ ಉಪಚುನಾವಣೆಗೋ ನಿಂತಿದ್ದರೆ ಅದನ್ನೂ ಸೇರಿಸಿ. ಮೊದಲು ವರಮಾನದ ಕಾಲಂ ನೋಡಿ. 2018ರ ನಮೂನೆಯಲ್ಲಿ ಒಂದು ವರ್ಷದ್ದು ಮಾತ್ರ ಇತ್ತು. 2019ರಿಂದ ಐದು ವರ್ಷದ ಆದಾಯ ಬರೆಯಬೇಕು, ತಮ್ಮದು, ಹೆಂಡತಿ ಅಥವಾ ಗಂಡನದು, ಅವಿಭಕ್ತ ಕುಟುಂಬದ್ದು, ಅವಲಂಬಿತರದ್ದು. ಆ ಐದು ವರ್ಷದ ಆದಾಯವನ್ನೆಲ್ಲ ಕೂಡಿ. ಅದೇ ಐದು ವರ್ಷದಲ್ಲಿ ಆಸ್ತಿ ಎಷ್ಟು ಏರಿದೆ ಅಂತ ಕಳೆಯಿರಿ. ಎರಡೂ ಅಂಕಿ ಹತ್ತಿರ ಹತ್ತಿರ ಇದ್ದರೆ ಮುಂದಿನ ಪುಟಕ್ಕೆ ಹೋಗಿ. ತುಂಬಾ ದೂರ ಇದ್ದರೆ ಇಲ್ಲೇ ಕೂತುಕೊಳ್ಳಿ.

ಈಗ ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. ಸ್ಥಿರಾಸ್ತಿ.

ಆಸ್ತಿ ಬೆಲೆ ಏರಿದ ಮಾತ್ರಕ್ಕೆ ಕಳ್ಳರು ಅನ್ನಬೇಡಿ. ಬೈಪಾಸ್ ಪಕ್ಕದ ಅಜ್ಜನ ಕಾಲದ ಎರಡು ಎಕರೆ ಸುಮ್ನೆ ಬಿದ್ದಿದ್ದರೂ ಕೋಟಿ ದಾಟುತ್ತದೆ. ಪ್ರತಿ ಜಮೀನಿನ ಮುಂದೆ ಊರು, ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೋ ಅಲ್ಲವೋ, ಕೊಂಡಿದ್ದರೆ ಯಾವ ದಿನ, ಎಷ್ಟಕ್ಕೆ, ಈಗಿನ ಬೆಲೆ ಎಷ್ಟು ಅಂತ ಬರೆದಿರಬೇಕು. ಬೆಲೆ ಬಿಡಿ, ಸರ್ವೆ ನಂಬರ್ ಹಿಡಿಯಿರಿ. ಮೊದಲ ಅಫಿಡವಿಟ್ಟಿನಲ್ಲಿ ಇಲ್ಲದ ನಂಬರ್ ಎರಡನೆಯದರಲ್ಲಿ ಬಂದಿದೆಯಾ? ಬಂದಿದ್ದರೆ ಕೆಂಪು ಪೆನ್ನಿನಲ್ಲಿ ಸುತ್ತಿ. ಇದ್ದ ನಂಬರ್ ಮಾಯವಾಗಿದೆಯಾ? ಅದನ್ನೂ ಸುತ್ತಿ. ಮಾರಿದ್ದರೆ ದುಡ್ಡು ಬ್ಯಾಂಕಿನ ಕಾಲಂನಲ್ಲೋ, ಹೊಸ ಆಸ್ತಿಯಲ್ಲೋ, ಸಾಲ ತೀರಿದ್ದರಲ್ಲೋ ಕಾಣಬೇಕು. ಎಲ್ಲೂ ಕಾಣದಿದ್ದರೆ ಮಗನಿಗೆ ದಾನಪತ್ರವೋ ವಿಭಾಗವೋ ಆಗಿರಬಹುದು. ಸರ್ಕಾರದ ಜಮೀನು ದಾಖಲೆಗಳಿರುವ ಭೂಮಿ ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಹಾಕಿದರೆ ಪಹಣಿ ಬರುತ್ತದೆ. 9ನೇ ಕಾಲಂನಲ್ಲಿ ಹೆಸರು, 11ರಲ್ಲಿ ಋಣ. ಇದಕ್ಕೆ ಯಾರ ಶಿಫಾರಸೂ ಬೇಡ.

ಬೆಲೆಯ ಕಾಲಂ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿರೋದು ಅಭ್ಯರ್ಥಿಯೇ ಹೇಳಿದ ಅಂದಾಜು. ಕೆಲವರು ಮಾರ್ಗಸೂಚಿ ದರ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಬೆಲೆ ಹಾಕುತ್ತಾರೆ, ಕೆಲವರು ಮಾರುಕಟ್ಟೆ ದರ. ಮಾರ್ಗಸೂಚಿ ದರವನ್ನು ಸರ್ಕಾರ 2023ರ ಅಕ್ಟೋಬರ್ 1ರಿಂದ ಏರಿಸಿದೆ. ಹಾಗಾಗಿ ಮುಂದಿನ ಅಫಿಡವಿಟ್ಟುಗಳಲ್ಲಿ ಒಂದು ಗುಂಟೆ ಹೊಸದಾಗಿ ಕೊಳ್ಳದವರ ಆಸ್ತಿಯೂ ದಿಢೀರ್ ಬೆಳೆದಂತೆ ಕಾಣಬಹುದು. ಆಗ ಟಿವಿಯವರು ಕೂಗುತ್ತಾರೆ. ನೀವು ಕೂಗಬೇಡಿ.

ಆದಾಯದ ಮೂಲದಲ್ಲಿ ಬಹಳ ಜನ "ಕೃಷಿ" ಅಂತ ಬರೆಯುತ್ತಾರೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಅದಕ್ಕೇ ಈ ಪದದ ಮೇಲೆ ಅಷ್ಟು ಪ್ರೀತಿ. ಲೆಕ್ಕ ಹಾಕಿ ನೋಡಿ. ನಾಲ್ಕು ಎಕರೆ ತೆಂಗಿನ ತೋಟ ಅಂದರೆ ಸುಮಾರು 180 ಮರ. ಮರಕ್ಕೆ ವರ್ಷಕ್ಕೆ 80 ಕಾಯಿ ಅಂದರೆ ನಮ್ಮ ಕಡೆ ಒಳ್ಳೇ ಫಸಲು. ಕಾಯಿಗೆ 20 ರೂಪಾಯಿ ಹಿಡಿದರೆ 2,88,000. ಗೊಬ್ಬರ, ಕೂಲಿ, ನುಸಿ ರೋಗ ಎಲ್ಲ ಕಳೆಯುವ ಮೊದಲಿನ ಮಾತು ಇದು. ಅದೇ ನಾಲ್ಕು ಎಕರೆಯಿಂದ ವರ್ಷಕ್ಕೆ 60 ಲಕ್ಷ ತೋರಿಸಿದವರಿದ್ದರೆ, ಆ ತೋಟವನ್ನು ಒಮ್ಮೆ ನಮ್ಮ ರೈತರಿಗೆ ತೋರಿಸಲಿ. ನಾವೂ ಕಲಿಯೋಣ, ಅಲ್ವಾ?

ಇನ್ನೊಂದು ಜಾಗ ಕೈಸಾಲ. ಬ್ಯಾಂಕಿನ ಸಾಲಕ್ಕೆ ಕಾಗದ ಇರುತ್ತದೆ, ಬಡ್ಡಿ ಇರುತ್ತದೆ. ಭಾವಮೈದನಿಂದ 40 ಲಕ್ಷ ಕೈಸಾಲ, ಸ್ನೇಹಿತನಿಗೆ 75 ಲಕ್ಷ ಕೈಸಾಲ ಅಂತ ಬರೆದಿರೋದನ್ನು ನಿಧಾನವಾಗಿ ಓದಿ. ಐದು ವರ್ಷದ ನಂತರವೂ ಅದೇ ಸಾಲ, ಅದೇ ಮೊತ್ತ ನಿಂತಿದ್ದರೆ ಅದು ಸಾಲವೋ ಏನೋ ಅಂತ ಕೇಳಬಹುದು. ಸರ್ಕಾರಿ ಬಾಕಿಯ ಕಾಲಂ ಕೂಡ ಇದೆ. ಸರ್ಕಾರಿ ಮನೆಯಲ್ಲಿ ಇದ್ದವರು ಬಾಡಿಗೆ, ಕರೆಂಟು, ನೀರು, ಫೋನು ಬಾಕಿ ಇಲ್ಲ ಅಂತ ತೋರಿಸಬೇಕು.

ಅಫಿಡವಿಟ್ಟು ಏನನ್ನು ಹೇಳೋದಿಲ್ಲ ಅಂತಲೂ ಗೊತ್ತಿರಲಿ. ಅವಲಂಬಿತರು ಅಂದರೆ ಸ್ವಂತ ದುಡಿಮೆ ಇಲ್ಲದೆ ಅಭ್ಯರ್ಥಿಯನ್ನೇ ನೆಚ್ಚಿಕೊಂಡವರು. ಮಗನಿಗೆ ತನ್ನದೇ ಆದಾಯ ಇದ್ದರೆ ಅವನ ಕ್ರಷರ್ ಆಗಲಿ, ಲೇಔಟ್ ಆಗಲಿ ಇಲ್ಲಿ ಬರೋದಿಲ್ಲ. ತಮ್ಮನದೂ ಅಷ್ಟೇ. ಇಷ್ಟು ದೊಡ್ಡ ಕಿಂಡಿಯನ್ನು ಕಾನೂನು ಯಾಕೆ ಬಿಟ್ಟಿದೆಯೋ, ನನಗಂತೂ ಸರಿ ಕಾಣೋದಿಲ್ಲ.

ಕೇಸುಗಳ ಪುಟಕ್ಕೆ ಬಂದರೆ ಸಂಖ್ಯೆ ಎಣಿಸಬೇಡಿ, ಕಲಂ ನೋಡಿ. ಹಳೆಯ ಐಪಿಸಿಯ (ಭಾರತೀಯ ದಂಡ ಸಂಹಿತೆ) 143, 341 ಇದ್ದರೆ ಸಾಮಾನ್ಯವಾಗಿ ಗುಂಪು ಸೇರಿದ್ದು, ದಾರಿ ತಡೆದಿದ್ದು. ನೀರಿಗಾಗಿಯೋ ಬೆಂಬಲ ಬೆಲೆಗಾಗಿಯೋ ರಸ್ತೆಯಲ್ಲಿ ಕೂತವರ ಮೇಲೆ ಇಂಥವು ಹತ್ತು ಇದ್ದರೂ ನಾನು ತಲೆ ಕೆಡಿಸಿಕೊಳ್ಳೋದಿಲ್ಲ. 420 ವಂಚನೆ, 409 ನಂಬಿಕೆ ದ್ರೋಹ, 354 ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ. ಇಂಥದ್ದು ಒಂದಿದ್ದರೂ ನಿಂತು ನೋಡಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ನಂಬರ್ ಬದಲಾಗಿವೆ. ವಂಚನೆ ಈಗ 318, ನಂಬಿಕೆ ದ್ರೋಹ 316. ಕೇಸು ಎಫ್‌ಐಆರ್ ಹಂತದಲ್ಲಿದೆಯೋ, ಕೋರ್ಟು ದೋಷಾರೋಪ ಹೊರಿಸಿದೆಯೋ ಅನ್ನೋದನ್ನೂ ನೋಡಿ. ಎಫ್‌ಐಆರ್ ಯಾರ ಮೇಲೆ ಬೇಕಾದರೂ ಆಗಬಹುದು. ಇ-ಕೋರ್ಟ್ಸ್ ಜಾಲತಾಣದಲ್ಲಿ ಕೇಸು ಎಲ್ಲಿಗೆ ಬಂತು ಅಂತ ಸಿಗುತ್ತದೆ. ಘಟನೆ ನಮ್ಮ ಜಿಲ್ಲೆಯದಾದರೂ ಕೇಸು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ಕೋರ್ಟಿನಲ್ಲಿ ಇರಬಹುದು, ಅಲ್ಲೂ ಹುಡುಕಿ.

ಗೆದ್ದ ಮೇಲೆ ಏನು ಮಾಡಿದರು ಅಂತ ನೋಡಲು ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಸುಲಭದ ದಾರಿ. ವರ್ಷಕ್ಕೆ 2 ಕೋಟಿ, ಜಿಲ್ಲಾಧಿಕಾರಿ ಮೂಲಕ ಖರ್ಚಾಗುತ್ತದೆ. ಶಾಸಕರ ಫೋಟೋ ಇರುವ ಬಸ್ ತಂಗುದಾಣ ಕಟ್ಟಿದ್ದು ಈ ದುಡ್ಡಿನಲ್ಲಿ, ಅಂದರೆ ನಮ್ಮದೇ ದುಡ್ಡು. ಇದರ ಲೆಕ್ಕವನ್ನು ಮಾಹಿತಿ ಹಕ್ಕು (ಆರ್‌ಟಿಐ) ಅರ್ಜಿ ಹಾಕಿ ಕೇಳಬಹುದು, ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು. ಇಲ್ಲೇ ಬಹಳ ಅರ್ಜಿಗಳು ಬೀಳುತ್ತವೆ. ಪ್ರವರ ಬರೆಯಬೇಡಿ. "ಇಂಥ ಕ್ಷೇತ್ರದಲ್ಲಿ ಇಂಥ ವರ್ಷ ಶಾಸಕರ ನಿಧಿಯ ಕಾಮಗಾರಿಗಳ ಪಟ್ಟಿ, ಮಂಜೂರಾದ ಮೊತ್ತ, ಪಾವತಿಯಾದ ಮೊತ್ತ, ಅನುಷ್ಠಾನ ಸಂಸ್ಥೆ, ಈಗಿನ ಹಂತ" ಅಂತ ಇಷ್ಟೇ ಸಾಕು. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಪಟ್ಟಿ ಬಂದ ಮೇಲೆ ಬೈಕ್ ತೆಗೆದುಕೊಂಡು ಒಂದು ಭಾನುವಾರ ಸುತ್ತಿ ಬನ್ನಿ. "ಪೂರ್ಣಗೊಂಡಿದೆ" ಅಂತ ಬರೆದ ಸಮುದಾಯ ಭವನಕ್ಕೆ ಛಾವಣಿ ಇದೆಯಾ ಅಂತ ನೋಡೋದು ಕಷ್ಟದ ಕೆಲಸವೇನಲ್ಲ.

ಸದನದಲ್ಲಿ ಏನು ಕೇಳಿದರು ಅನ್ನೋದಕ್ಕೆ ವಿಧಾನಸಭೆಯ ವೆಬ್‌ಸೈಟಿನಲ್ಲಿ ಚುಕ್ಕೆ ಗುರುತಿನ, ಗುರುತಿಲ್ಲದ ಪ್ರಶ್ನೆಗಳು ಸಿಗುತ್ತವೆ. ಚುನಾವಣಾ ಖರ್ಚಿನ ಲೆಕ್ಕವನ್ನು ಫಲಿತಾಂಶ ಬಂದ 30 ದಿನದಲ್ಲಿ ಕೊಡಬೇಕು. ನಮ್ಮ ರಾಜ್ಯದಲ್ಲಿ ವಿಧಾನಸಭೆಗೆ ಮಿತಿ 40 ಲಕ್ಷ. ಅದನ್ನು ಓದಲು ನಿಮ್ಮ ಸಮಯ ಹಾಳು ಮಾಡಬೇಡಿ. ನಮ್ಮೂರಲ್ಲಿ ಬಾಡೂಟಕ್ಕೆ ಏನು ಖರ್ಚಾಗುತ್ತದೆ ಅಂತ ಎಲ್ಲರಿಗೂ ಗೊತ್ತು.

ಸುಳ್ಳು ಕಂಡರೆ ಏನು ಮಾಡೋದು? ಚುನಾವಣಾಧಿಕಾರಿ ಸುಳ್ಳು ನಿಜ ತನಿಖೆ ಮಾಡಿ ನಾಮಪತ್ರ ತಳ್ಳಿಹಾಕೋದಿಲ್ಲ. ಅಭ್ಯರ್ಥಿಯ ವಿರುದ್ಧ ನೀವೇ ಪ್ರತಿ ಅಫಿಡವಿಟ್ಟು ಕೊಡಬಹುದು, ಅದೂ ಜನರಿಗೆ ಕಾಣುವಂತೆ ಹಾಕುತ್ತಾರೆ. ಪ್ರಜಾಪ್ರಾತಿನಿಧ್ಯ ಕಾಯ್ದೆಯ ಕಲಂ 125ಎ ಪ್ರಕಾರ ಸುಳ್ಳು ಅಫಿಡವಿಟ್ಟಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಆಯ್ಕೆಯನ್ನೇ ಪ್ರಶ್ನಿಸಬೇಕಾದರೆ 45 ದಿನದೊಳಗೆ ಹೈಕೋರ್ಟಿಗೆ ಹೋಗಬೇಕು. ಆದ್ದರಿಂದ ಪ್ರಿಂಟುಗಳನ್ನು, ಪಹಣಿಯನ್ನು, ತೆಗೆದ ದಿನಾಂಕ ಬರೆದು ಒಂದು ಫೈಲಿನಲ್ಲಿ ಇಡಿ. ವೋಟು ಕೇಳಲು ಮನೆಗೆ ಬಂದಾಗ ಜಗಳ ತೆಗೆಯಬೇಡಿ. ಕಾಫಿ ಕೊಡಿ, ಕೆಂಪು ಸುತ್ತು ಹಾಕಿದ ಸರ್ವೆ ನಂಬರ್ ತೋರಿಸಿ, "ಅಣ್ಣಾ, ಇದನ್ನ ಯಾವಾಗ ತಗೊಂಡ್ರಿ?" ಅಂತ ಕೇಳಿ.